ಬೆಟ್ಟದ ಮೇಲೊಂದು ತಯಮ್ಮುಮ್

ಯಲಹಂಕದ ನಮ್ಮ ಮನೆಯ ತಾರಸಿಯಿಂದ, ಮಳೆ ನಿಂತ ಮುಂಜಾನೆಗಳಲ್ಲಿ, ಉತ್ತರ ದಿಕ್ಕಿಗೆ ನಂದಿಬೆಟ್ಟ ನೀಲಿಯಾಗಿ ಕಾಣುತ್ತಿತ್ತು. ಈಗ ಅಪಾರ್ಟ್‌ಮೆಂಟುಗಳು ಅಡ್ಡ ಬಂದಿವೆ. 2009ರ ಫೆಬ್ರವರಿಯಲ್ಲಿ, ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ನಂದಿಯನ್ನೂ ಸ್ಕಂದಗಿರಿಯನ್ನೂ ಒಂದೇ ಹಗಲಿನಲ್ಲಿ ಒಬ್ಬನೇ ಏರಿಳಿಯಲು ಹೊರಟೆ. ಅದರ ಹಿಂದಿನ ತಿಂಗಳಷ್ಟೇ ವೈದ್ಯರು ನನಗೆ ಸಕ್ಕರೆ ಕಾಯಿಲೆಯಿದೆ ಎಂದಿದ್ದರು. ಹೊರಟ ನಿಜವಾದ ಕಾರಣ ಅದೇ. ಮನೆಯವರಿಗೆ ಹೇಳಿದ್ದು ಬೇರೆ.

"ಅಬ್ಬಾ, ಒಬ್ಬರೇ ಹೋಗಬೇಡಿ. ಒಂಟಿ ಪ್ರಯಾಣದ ಹದೀಸನ್ನು ನೀವೇ ಕಲಿಸಿದ್ದೀರಲ್ಲ" ಎಂದ ಮಗ. "ಅದು ರಾತ್ರಿಯ ಪ್ರಯಾಣದ ಮಾತು" ಎಂದು ಅವನ ಬಾಯಿ ಮುಚ್ಚಿಸಿದೆ.

ಫಜರ್ ಮುಗಿಸಿ ಬಸ್ಸು ಹಿಡಿದು ನಂದಿ ಕ್ರಾಸ್‌ನಲ್ಲಿಳಿದೆ. ಸುಲ್ತಾನ್‌ಪೇಟೆಯ ಕಡೆಯಿಂದ ಹಳೆಯ ಕಲ್ಲುಮೆಟ್ಟಿಲುಗಳನ್ನು ಹತ್ತಿದೆ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯ ವಶವಾದ ಕೋಟೆ, ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ, ಅಮೃತ ಸರೋವರ. ಇವೆಲ್ಲ ಓದುಗರು ಮಕ್ಕಳೊಡನೆ ನೋಡಿರುವಂಥವೇ. ಮೇಲೆ ನಿಂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ವಿಚಾರ. ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲವೂ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಬೆಂಗಳೂರಿಗೆ ಒಂದು ಕಾಲದಲ್ಲಿ ಹೆಸರಘಟ್ಟದಿಂದ ಬಂದ ಕೊಳಾಯಿ ನೀರು ಅರ್ಕಾವತಿಯದೇ. ಆದರೆ ಆ ಫೆಬ್ರವರಿಯಲ್ಲಿ ಕಣ್ಣಿಗೆ ಬಿದ್ದದ್ದು ಒಣಗಿದ ಹಳ್ಳಗಳ ಬಿಳಿ ಗೆರೆಗಳು ಮಾತ್ರ.

ಮೆಟ್ಟಿಲಿಳಿದು, ದ್ರಾಕ್ಷಿ ಚಪ್ಪರಗಳ ನಡುವೆ ನಡೆದು, ಕಳವಾರದ ಕಡೆಯಿಂದ ಸ್ಕಂದಗಿರಿಗೆ ಏರತೊಡಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು. (ಈಗ ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಆಗ ಕೇಳುವವರಿರಲಿಲ್ಲ.) ಶಿಖರದ ಮುರಿದ ಕೋಟೆಗೋಡೆಯ ಬಳಿ ಝುಹರ್‌ಗೆ ನಿಂತಾಗ ಚೀಲದಲ್ಲಿ ಉಳಿದದ್ದು ಅರ್ಧ ಬಾಟಲಿ ನೀರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಭಾನುವಾರದ ತರಗತಿ ನಡೆಸುವವನು. ಮಾತೆ ಆಯಿಶಾ(ರ)ರ ಕಂಠಹಾರ ಕಳೆದು, ನೀರಿಲ್ಲದ ಎಡೆಯಲ್ಲಿ ಪ್ರಯಾಣದ ತಂಡ ತಂಗಿದ್ದು, ಆಗ ತಯಮ್ಮುಮ್‌ನ ಅನುಮತಿ ಅವತೀರ್ಣವಾದದ್ದು. ಇದನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಇರುವ ನೀರು ಕುಡಿಯಲು ಬೇಕಾಗಿದ್ದರೂ ತಯಮ್ಮುಮ್ ಸಾಕೆಂದು ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಆದರೂ ಆ ರಿಯಾಯಿತಿ ರೋಗಿಗಳಿಗೆ, ದುರ್ಬಲರಿಗೆ ಎಂದೇ ನನ್ನ ಮನಸ್ಸು ಹೇಳಿತು. ನಾನು ಅವರಲ್ಲಿ ಒಬ್ಬನಲ್ಲ ಎಂದು ತೋರಿಸಲೆಂದೇ ಬೆಟ್ಟಕ್ಕೆ ಬಂದವನು! ಬಾಟಲಿ ಬರಿದಾಗುವವರೆಗೂ ನಿಧಾನವಾಗಿ ವಝೂ ಮಾಡಿದೆ. ನಮಾಝಿನಲ್ಲಿ ಎಂದಿಲ್ಲದ ತೃಪ್ತಿ ಸಿಕ್ಕಿತು. ಆ ತೃಪ್ತಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಇಳಿಯುವಾಗ ದಾರಿ ತಪ್ಪಿತು. ಕುರುಚಲು ಮುಳ್ಳುಗಿಡ, ಜಾರುಬಂಡೆ, ನಾಲಗೆ ಅಂಗುಳಕ್ಕೆ ಅಂಟುವಷ್ಟು ದಾಹ. ಕಾಲು ನಡುಗತೊಡಗಿದಾಗ ಬಂಡೆಯ ನೆರಳಿಗೆ ಒರಗಿದೆ. ನಿದ್ದೆಯೋ ಮೂರ್ಛೆಯೋ ತಿಳಿಯದು. ಎಚ್ಚರವಾದಾಗ ಎದುರಿಗೆ ಮೇಕೆಗಳು, ಅವುಗಳ ಹಿಂದೆ ಒಬ್ಬ ವೃದ್ಧೆ.

"ಏನಪ್ಪಾ, ಈ ಬಿಸಿಲಾಗೆ ಒಬ್ಬನೇ ಬಂದ್ಯಾ?" ಎನ್ನುತ್ತ ತನ್ನ ಪ್ಲಾಸ್ಟಿಕ್ ಬಾಟಲಿಯನ್ನು ಚಾಚಿದಳು. ಕುಡಿದೆ. ನನ್ನ ಬಾಟಲಿಗೂ ಒಂದಿಷ್ಟು ಸುರಿದು ದಾರಿ ತೋರಿಸಿ, ಮೇಕೆಗಳ ಹಿಂದೆ ಹೋದಳು.

ಅಸರ್‌ನ ಹೊತ್ತು ಜಾರುತ್ತಿತ್ತು. ಆ ಕಾಲುಗಳಲ್ಲಿ ಊರು ಮುಟ್ಟುವಷ್ಟರಲ್ಲಿ ಸೂರ್ಯ ಮುಳುಗುವುದು ಖಚಿತವಾಗಿತ್ತು. ಒರಗಿ ಮಲಗಿದ್ದರಿಂದ ವಝೂ ಉಳಿದಿರಲಿಲ್ಲ. ಬಾಟಲಿಯನ್ನು ಪಕ್ಕಕ್ಕಿಟ್ಟು, ಬಂಡೆಯ ಮೇಲಿನ ಧೂಳಿಗೆ ಎರಡು ಬಾರಿ ಅಂಗೈ ತಟ್ಟಿ, ಮುಖವನ್ನೂ ಕೈಗಳನ್ನೂ ಸವರಿಕೊಂಡೆ. ಕಲ್ಲು ಇನ್ನೂ ಬಿಸಿಯಾಗಿತ್ತು.

ನಮ್ಮ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೊಬ್ಬ ಹುಡುಗ ಕೇಳುತ್ತಾನೆ, "ಹಝ್ರತ್, ನೀವು ತಯಮ್ಮುಮ್ ಮಾಡಿದ್ದೀರಾ?" ಎಂದು. "ಮನೆಯಲ್ಲಿ ನಲ್ಲಿ ಇದೆಯಲ್ಲ" ಎಂದು ನಗಿಸಿ ಮುಂದೆ ಹೋಗುತ್ತಿದ್ದೆ. ಆ ವರ್ಷ ಬೆಟ್ಟದ ಕಥೆಯನ್ನು ಪೂರ್ತಿ ಹೇಳಿದೆ, ಸಕ್ಕರೆ ಕಾಯಿಲೆಯನ್ನೂ ಸೇರಿಸಿ. ಎಲ್ಲ ಕೇಳಿದ ಮೇಲೆ ಹಿಂದಿನ ಸಾಲಿನ ಚಿಕ್ಕವನೊಬ್ಬ ಎದ್ದು ನಿಂತ:

"ಆ ಅಜ್ಜಿಗೆ ಕುಡಿಯೋಕೆ ನೀರು ಉಳಿದಿತ್ತಾ, ಹಝ್ರತ್?"

ನಾನು ನೋಡಿರಲಿಲ್ಲ.