ಮಾಮಾನ ಹಿತ್ತಾಳೆ ಸಾಮಾನು

ನಮ್ಮ ಸೋದರಮಾವ ತೀರಿಕೊಂಡ ಮೇಲೆ ದೇವಸುಗೂರಿನ ಮನೆಯ ಸಾಮಾನಿಗೆಲ್ಲ ಯಾರಾದರೂ ಹಕ್ಕುದಾರರು ಸಿಕ್ಕರು. ಸಿಗದೆ ಉಳಿದದ್ದು ಒಂದು ಮರದ ಪೆಟ್ಟಿಗೆ. ಮಾಮಾ ವಿಜ್ಞಾನದ ಮಾಸ್ತರು. ಹಳೆಯ ಹಿತ್ತಾಳೆ ಸೂಕ್ಷ್ಮದರ್ಶಕವನ್ನು ಬದುಕಿದ್ದಾಗಲೇ ಶಿಷ್ಯರೊಬ್ಬರಿಗೆ ಕೊಟ್ಟುಬಿಟ್ಟಿದ್ದರು. ಪೆಟ್ಟಿಗೆಯಲ್ಲಿದ್ದದ್ದು ಅದರ ಜೊತೆಯ ಸಣ್ಣಪುಟ್ಟ ಸಲಕರಣೆ.

"ಇದನ್ನ ಏನ್ ಮಾಡ್ಲವ್ವಾ? ಗುಜರಿಯವ ತೂಕಕ್ಕ ತಗೋತೀನಿ ಅಂತಾನ" ಎಂದರು ಅತ್ತಿ.

ತೂಕಕ್ಕೆ ಹಾಕಿದರೆ ಒಂದು ತಂಬಿಗೆಯಷ್ಟೂ ಆಗಲಿಕ್ಕಿಲ್ಲ. ಆದರೆ ಸೂಕ್ಷ್ಮದರ್ಶಕ ಬರೀ ಕಣ್ಣು. ನೋಡುವ ವಸ್ತುವನ್ನು ಹದಮಾಡಿ ಕೊಡುವ ಕೈ ಈ ಸಾಮಾನು. ಹುಳದ ಕಾಲನ್ನು ಹಿಡಿದು ತಿರುಗಿಸುವ ಇಕ್ಕಳ ಒಂದು. ಗಾಜಿನ ತಳ, ಗಾಜಿನ ಮುಚ್ಚಳದ ಹಿತ್ತಾಳೆ ಡಬ್ಬಿ ಇನ್ನೊಂದು. ಅದಕ್ಕೆ ಲೈವ್ ಬಾಕ್ಸ್ ಅಂತಾರೆ. ಹೊಳೆಯ ನೀರಿನ ಹನಿ ಹಾಕಿ ಮುಚ್ಚಳವನ್ನು ಮೆಲ್ಲಗೆ ಒತ್ತಿದರೆ ಒಳಗಿನ ಹುಳ ಸಾಯುವುದಿಲ್ಲ, ಓಡುವುದೂ ಇಲ್ಲ. ಡ್ಯಾಫ್ನಿಯಾ ಎಂಬ ನೀರುಹುಳದ ಹೃದಯ ಪಟಪಟ ಬಡಿಯುವುದನ್ನು ನಾನು ಎಂಟನೇ ವಯಸ್ಸಿನಲ್ಲಿ ನೋಡಿದ್ದು ಅದರಲ್ಲೇ.

ನನಗೆ ಎಲ್ಲಕ್ಕಿಂತ ಇಷ್ಟ ಕುಂಬಾರನ ತಿಗರಿಯ ಮರಿಯಂತಿರುವ ಚಕ್ರ. ಅದರ ಮೇಲೆ ಸ್ಲೈಡ್ ಸಿಕ್ಕಿಸಿ, ತಿರುಗಿಸಿ, ದುಂಡನೆಯ ಕವರ್ ಸ್ಲಿಪ್ಪಿನ ಅಂಚಿಗೆ ವಾರ್ನಿಷಿನ ಕುಂಚ ತಾಗಿಸಿದರೆ ಸಾಕು, ಉಂಗುರದಂಥ ಗೆರೆ ಬಿದ್ದು ಗಾಳಿ ಒಳಗೆ ಹೋಗದಂತಾಗುತ್ತದೆ. ಮಾಮಾ ಅದನ್ನು ತಿರುಗಿಸುವಾಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ!

ಇರುವೆಯಂಥದ್ದನ್ನು ಕೂಡಿಸುವುದು ದೊಡ್ಡ ಕೆಲಸ. ಮೊದಲು ಸ್ಪಿರಿಟ್‌ನಲ್ಲಿ ನೀರಿನಂಶ ತೆಗೆಯಬೇಕು, ಆಮೇಲೆ ಲವಂಗದ ಎಣ್ಣೆ, ಕೊನೆಗೆ ಒಂದು ಹನಿ ಕೆನಡಾ ಬಾಲ್ಸಂ. ಕೆನಡಾದ ಒಂದು ಮರದ ಅಂಟು ಅದು. ಬೆಳಕನ್ನು ಹೆಚ್ಚುಕಡಿಮೆ ಗಾಜಿನಷ್ಟೇ ಬಗ್ಗಿಸುವುದರಿಂದ ಅಂಟು ಕಾಣದೆ ಇರುವೆ ಮಾತ್ರ ಕಾಣುತ್ತದೆ. ಹಳತಾದಂತೆ ಹಳದಿಗಟ್ಟುತ್ತದೆ, ಅಷ್ಟೇ. ಸ್ಲೈಡಿನ ಅಳತೆ 3 ಇಂಚು ಉದ್ದ, 1 ಇಂಚು ಅಗಲ. 1839ರಲ್ಲಿ ಹುಟ್ಟಿದ ಲಂಡನ್ನಿನ ಸೂಕ್ಷ್ಮದರ್ಶಕ ಸಂಘ ಗೊತ್ತುಮಾಡಿದ ಅಳತೆಯಂತೆ. ನಮ್ಮ ಹಳ್ಳಿ ಮನೆಯಲ್ಲೂ ಅದೇ.

ಪೆಟ್ಟಿಗೆಯ ತಳದಲ್ಲಿ ಹದಿನಾಲ್ಕು ಸ್ಲೈಡ್ ಸಿಕ್ಕವು. ಒಂದರಲ್ಲಿ ಮೀನಿನ ಹುರುಪೆ. ಚೀಟಿಯ ಮೇಲೆ ಮಾಮಾನ ಗುಂಡಗಿನ ಅಕ್ಷರ: "ಕೃಷ್ಣಾ ಹೊಳಿ, ದೇವಸುಗೂರು, 1978". ಬೆಳಕಿಗೆ ಹಿಡಿದೆ. ಶಕ್ತಿನಗರದ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಚಿಮಣಿಗಳಿಲ್ಲದ ಕಾಲದ ಹೊಳೆಯಲ್ಲಿ ಈಜಿದ ಮೀನು ಇದು. ಹುರುಪೆಯ ಗೆರೆ ನೋಡಿ ಮೀನಿನ ವಯಸ್ಸು ಅಂದಾಜು ಮಾಡಬಹುದು ಅಂತ ಮಾಮಾ ಹೇಳುತ್ತಿದ್ದರು. ಬರೀ ಕಣ್ಣಿಗೆ ಗೆರೆ ಸಿಗಲಿಲ್ಲ.

ಚೀಟಿ ಓದಿ ಹೇಳಿದಾಗ ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೀನ್ ನಾನ ಹಸನ ಮಾಡಿದ್ದಿರಬೇಕು ನೋಡು" ಎಂದರು. ಗುಜರಿಯವನ ಮಾತು ಆಮೇಲೆ ಬರಲಿಲ್ಲ.

ಮಾಮಾನ ಶಿಷ್ಯರಿಗೆ ಫೋನ್ ಮಾಡಿದ್ದೇನೆ. ಸೂಕ್ಷ್ಮದರ್ಶಕ ತಗೊಂಡು ಭಾನುವಾರ ಬರುತ್ತಾರಂತೆ. ಹೊಳೆಯಿಂದ ಒಂದು ಬಾಟಲಿ ನೀರು ತಂದಿಡಲು ಹೇಳಿದ್ದಾರೆ.