ವಿದ್ಯುತ್ತಿನ ಹದ

ರಸಾಯನೋದ್ಯಮವೆಂದೊಡನೆ ಜನಸಾಮಾನ್ಯರ ಕಣ್ಣೆದುರು ನಿಲ್ಲುವುದು ಬೆಂಕಿ, ಆಮ್ಲ ಮತ್ತು ಹೊಗೆಗೊಳವೆಗಳ ಚಿತ್ರ. ಆದರೆ ದ್ರವದಲ್ಲಿ ಮುಳುಗಿಸಿದ ಎರಡು ವಿದ್ಯುದಗ್ರಗಳ ನಡುವೆ ಸದ್ದಿಲ್ಲದೆ ಹರಿಯುವ ವಿದ್ಯುತ್ತು ಸಹ ಒಂದು ದ್ರವ್ಯವನ್ನು ಮತ್ತೊಂದನ್ನಾಗಿ ಮಾರ್ಪಡಿಸಬಲ್ಲದು. ಔಷಧ, ಬಣ್ಣ, ನೂಲುಗಳಿಗೆ ಬೇಕಾದ ಸಾವಯವ ದ್ರವ್ಯಗಳನ್ನು ಈ ಮಾರ್ಗದಿಂದ ಪಡೆಯುವ ವಿದ್ಯೆಗೆ ದೀರ್ಘ ಪರಂಪರೆಯಿದೆ. ಜರ್ಮನಿಯ ಕೋಲ್ಬೆ ಎಂಬ ವಿಜ್ಞಾನಿಯು 1849ರಲ್ಲಿಯೇ ಅಸಿಟಿಕ್ ಮೊದಲಾದ ಆಮ್ಲಗಳ ಲವಣಗಳಿಂದ ವಿದ್ಯುತ್ತಿನ ಮೂಲಕ ಹೈಡ್ರೊಕಾರ್ಬನ್‌ಗಳನ್ನು ಪಡೆದಿದ್ದನು.

ಜ್ವರ ಬಂದವರು ನುಂಗುವ ಪ್ಯಾರಾಸಿಟಮಾಲ್ ಗುಳಿಗೆಯನ್ನೇ ನೋಡಬಹುದು. ಅದರ ಮೂಲದ್ರವ್ಯ ಪ್ಯಾರಾ-ಅಮೈನೊಫೀನಾಲ್. ನೈಟ್ರೊಫೀನಾಲನ್ನು ಕಬ್ಬಿಣದ ಪುಡಿ ಮತ್ತು ಆಮ್ಲದೊಡನೆ ಕ್ರಿಯೆಗೊಳಪಡಿಸಿ ಇದನ್ನು ತಯಾರಿಸುವುದು ಹಳೆಯ ಪದ್ಧತಿ. ಅಲ್ಲಿ ಸರಕಿನೊಡನೆ ಕಬ್ಬಿಣದ ಕೆಸರೂ ಹುಟ್ಟುತ್ತದೆ. ಒಂದು ಊರಿನ ಜ್ವರವಿಳಿಸುವ ಔಷಧವು ಇನ್ನೊಂದು ಊರಿನ ಕೆರೆಗೆ ಕಂಟಕವಾಗಬಾರದಷ್ಟೆ?

ನೈಟ್ರೊಬೆಂಜೀನನ್ನು ಗಂಧಕಾಮ್ಲದಲ್ಲಿ ವಿದ್ಯುತ್ತಿನಿಂದ ಅಪಕರ್ಷಿಸಿದರೆ ಆ ಕೆಸರಿನ ಬಾಧೆಯಿಲ್ಲ. ನಿಘಂಟಿನಲ್ಲಿ ಅಪಕರ್ಷವೆಂದರೆ ಇಳಿತ. ರಸಾಯನಶಾಸ್ತ್ರದಲ್ಲಿಯೋ ಅಪಕರ್ಷಣವೆಂದರೆ ಅಣುವು ಇಲೆಕ್ಟ್ರಾನುಗಳನ್ನು ಪಡೆಯುವುದು. ಪಡೆಯುವುದಕ್ಕೂ ಒಂದು ಹದವುಂಟು. ಅಣುವೊಂದು 4 ಇಲೆಕ್ಟ್ರಾನುಗಳನ್ನು ಪಡೆದು ನಿಂತರೆ ಹುಟ್ಟುವ ಫೀನೈಲ್ ಹೈಡ್ರಾಕ್ಸಿಲಮೀನ್, ಆಮ್ಲದ ಸನ್ನಿಧಿಯಲ್ಲಿ ಪ್ಯಾರಾ-ಅಮೈನೊಫೀನಾಲ್ ಆಗಿ ಮಾರ್ಪಡುತ್ತದೆ. ನಿಲ್ಲದೆ 6 ಪಡೆದರೆ ಅನಿಲೀನ್ ಆಗುತ್ತದೆ. ಬಣ್ಣದ ಕಾರ್ಖಾನೆಗೆ ಅದು ಲಾಭ, ಔಷಧಕ್ಕೆ ನಷ್ಟ. ಋಣಾಗ್ರದ ವಿಭವವನ್ನು ಹಿಡಿತದಲ್ಲಿಟ್ಟರೆ ಉತ್ಪನ್ನವೂ ಹಿಡಿತಕ್ಕೆ ಬರುತ್ತದೆಂಬುದನ್ನು 1898ರಲ್ಲಿ ಫ್ರಿಟ್ಸ್ ಹಾಬರ್ ಇದೇ ನೈಟ್ರೊಬೆಂಜೀನಿನ ಮೇಲೆ ಪ್ರಯೋಗಿಸಿ ತೋರಿದನು.

ಭಾರತದಲ್ಲಿ ಈ ವಿದ್ಯೆಗೆ ನೆಲೆಯಾದುದು ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನಾ ಸಂಸ್ಥೆ. ಅಳಗಪ್ಪ ಚೆಟ್ಟಿಯಾರರು 300 ಎಕರೆ ಭೂಮಿಯನ್ನೂ 15 ಲಕ್ಷ ರೂಪಾಯಿಗಳನ್ನೂ ಇದಕ್ಕಾಗಿ ಧಾರೆಯೆರೆದರು. 1948ರಲ್ಲಿ ಜವಾಹರಲಾಲ್ ನೆಹರೂ ಅವರು ಅಸ್ತಿಭಾರವಿಟ್ಟರು. 1953ರಲ್ಲಿ ಸಂಸ್ಥೆ ಉದ್ಘಾಟನೆಗೊಂಡಿತು. ಕನ್ನಡ ನಾಡು ದಾಸೋಹವೆಂದು ಕರೆಯುವ ಭಾವ ಇದಲ್ಲವೆ? ಮುಂದೆ ಇದರ ನಿರ್ದೇಶಕರಾದ ಎಚ್. ವಿ. ಕೆ. ಉಡುಪ ಅವರೂ ಸಹೋದ್ಯೋಗಿಗಳೂ ತಿರುಗುವ ಋಣಾಗ್ರವನ್ನು ಬಳಸಿ ಇಂತಹ ಅಪಕರ್ಷಣಗಳನ್ನು ಸಾಧಿಸಿದರು. ನೈಟ್ರೊಬೆಂಜೀನ್ ನೀರಿನಲ್ಲಿ ಸುಲಭವಾಗಿ ಕರಗದು. ಅಗ್ರವೇ ತಿರುಗಿದರೆ ದ್ರವವು ಕಲಕಿ, ಹೊಸ ಹೊಸ ಅಣುಗಳು ಅದರ ಬಳಿಗೆ ಬರುತ್ತವೆ.

ಇಷ್ಟು ಶುಚಿಯಾದ ಮಾರ್ಗ ಎಲ್ಲೆಡೆಯೂ ಏಕೆ ಹರಡಲಿಲ್ಲವೆಂಬ ಪ್ರಶ್ನೆ ಸಹಜ. ಉತ್ತರ ಲೆಕ್ಕದಲ್ಲಿದೆ. 109 ಗ್ರಾಂ ಪ್ಯಾರಾ-ಅಮೈನೊಫೀನಾಲಿಗೆ ಒಂದು ಕಣವೂ ವ್ಯರ್ಥವಾಗದಿದ್ದರೂ ಸುಮಾರು 107 ಆಂಪಿಯರ್-ಗಂಟೆಗಳ ವಿದ್ಯುತ್ತು ಬೇಕು. ವಿದ್ಯುತ್ಕೋಶಗಳ ವೆಚ್ಚ ಬೇರೆ. ಜಲಜನಕ ಮತ್ತು ವೇಗವರ್ಧಕಗಳ ಮಾರ್ಗವು ಸ್ಪರ್ಧೆಗೆ ನಿಂತಿದೆ. ಆದರೂ ಅಮೆರಿಕದ ಮೊನ್ಸಾಂಟೊ ಕಂಪೆನಿಯು 1965ರಲ್ಲಿ, ಮ್ಯಾನ್ಯುಯೆಲ್ ಬೈಜರ್ ಅವರ ಸಂಶೋಧನೆಯನ್ನನುಸರಿಸಿ, ನೈಲಾನಿಗೆ ಬೇಕಾದ ಅಡಿಪೊನೈಟ್ರೈಲನ್ನು ವಿದ್ಯುತ್ತಿನಿಂದಲೇ ಕಾರ್ಖಾನೆಯ ಪ್ರಮಾಣದಲ್ಲಿ ತಯಾರಿಸತೊಡಗಿತು. ಲೆಕ್ಕ ಕೂಡಿದಲ್ಲಿ ಈ ಮಾರ್ಗ ನಿಲ್ಲಬಲ್ಲದೆಂಬುದಕ್ಕೆ ಅದು ಸಾಕ್ಷಿ.

ಇನ್ನೊಂದು ಮಾತನ್ನು ಮರೆಯಲಾಗದು. ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಮಾಲಿನ್ಯ ಕಾರ್ಖಾನೆಯಿಂದ ವಿದ್ಯುದಾಗಾರಕ್ಕೆ ಸ್ಥಳಾಂತರಗೊಳ್ಳುತ್ತದೆಯೇ ಹೊರತು ಅಳಿಯುವುದಿಲ್ಲ. ಬಿಸಿಲು, ಗಾಳಿ, ನೀರುಗಳಿಂದ ವಿದ್ಯುತ್ತು ಹೆಚ್ಚಿದಂತೆ ಈ ವಿದ್ಯೆಯ ಬೆಲೆಯೂ ಹೆಚ್ಚೀತು. ಅದನ್ನು ಕೈಗೆತ್ತಿಕೊಳ್ಳುವವರು ಶಾಲೆಗಳ ಪ್ರಯೋಗಮಂದಿರಗಳಿಂದಲೇ ಬರಬೇಕು. ಎರಡು ತಂತಿ, ಒಂದು ಗಾಜಿನ ಪಾತ್ರೆ, ಅಳೆದು ನೋಡುವ ಶ್ರದ್ಧೆ ಇವಿಷ್ಟಿದ್ದರೆ ಮೊದಲ ಪಾಠಕ್ಕೆ ಸಾಕು. ಆ ಪಾತ್ರೆಯನ್ನು ಒದಗಿಸುವ ದಾನಿಯೂ ಅಳತೆಯನ್ನು ಕಲಿಸುವ ಗುರುವೂ ಈ ಕಾಯಕದಲ್ಲಿ ಸಮಾನ ಭಾಗಿಗಳು.