ಮೊಮ್ಮಗಳ ಆಟದ ಯಂತ್ರ

ಮೂವತ್ತಮೂರು ವರ್ಷಗಳ ಕಾಲ ಮಕ್ಕಳಿಗೆ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬಾಯಿಪಾಠ ಮಾಡಿಸಿ ನಿವೃತ್ತನಾದ ಉಪಾಧ್ಯಾಯನೊಬ್ಬನು ಗಣಕಯಂತ್ರದ ಬಿಡಿಭಾಗಗಳನ್ನು ಕುರಿತು ಬರೆಯಹೊರಟರೆ ವಾಚಕರು ನಗಬಹುದು. ನಗುವುದಕ್ಕೆ ಅವರಿಗೆ ಅಧಿಕಾರವುಂಟು. ಆದರೆ ಈ ವಿಷಯದಲ್ಲಿ ನಾನು ಕೇವಲ ಕೇಳಿ ಬರೆಯುವವನಲ್ಲ; ಒಮ್ಮೆ ಕೆಟ್ಟು, ಇನ್ನೊಮ್ಮೆ ಕಲಿತು ಬರೆಯುವವನು.

ಸಂಗತಿಯು ಹೀಗಿದೆ. ನನ್ನ ಮಗಳ ಮಗಳು ಗೌರಿಬಿದನೂರಿನ ನಮ್ಮ ಮನೆಯಲ್ಲಿಯೇ ಬೆಳೆದವಳು. 2024ನೆಯ ಇಸವಿಯ ಬೇಸಿಗೆಯಲ್ಲಿ ಅವಳು ಎರಡನೆಯ ಪಿಯುಸಿಯಲ್ಲಿ ತೇರ್ಗಡೆಯಾದಳು. ನನ್ನ ಮನೆಯಾಕೆ ಕಾಲವಾಗುವುದಕ್ಕೆ ಮುಂಚೆ ಅವಳ ಹೆಸರಿನಲ್ಲಿ ಅಂಚೆ ಕಛೇರಿಯಲ್ಲಿ ಇಟ್ಟಿದ್ದ ಹಣವು ಅದೇ ವರ್ಷ ಕೈಗೆ ಬಂದಿತು. ಬಡ್ಡಿ ಸೇರಿ 81,200 ರೂಪಾಯಿ. “ಮಗುವಿಗೆ ಎರಡು ಬಳೆ ಮಾಡಿಸಿ” ಎಂಬುದು ಆಕೆಯ ಮಾತಾಗಿತ್ತು. ಮಗುವಿಗೋ ಬಳೆ ಬೇಡ. ಗಣಕಯಂತ್ರ ಬೇಕು, ಅದೂ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವುದಲ್ಲ, ಬಿಡಿಭಾಗಗಳನ್ನು ಆರಿಸಿ ತಂದು ತಾನೇ ಜೋಡಿಸಿದ, ದೊಡ್ಡ ಆಟಗಳನ್ನು ಆಡಬಲ್ಲ ಯಂತ್ರ.

ನಾನು ಉಪಾಧ್ಯಾಯನ ಧಾಟಿಯಲ್ಲಿ, “ಇದು ಓದಿಗೆ ಬೇಕೋ, ಆಟಕ್ಕೆ ಬೇಕೋ?” ಎಂದು ಕೇಳಿದೆನು.

ಅವಳು ಒಂದು ಕ್ಷಣ ಯೋಚಿಸಿ, “ಆಟಕ್ಕೇ ತಾತ. ಓದಿಗಾದರೆ ಇದರಲ್ಲಿ ಅರ್ಧ ಬೆಲೆಯದು ಸಾಕು” ಎಂದಳು.

ಓದಿಗೆ ಬೇಕೆಂದು ಹೇಳಿದ್ದರೆ ನಾನು ನಂಬಿಬಿಡುತ್ತಿದ್ದೆನು. ಅದು ಅವಳಿಗೂ ತಿಳಿದಿತ್ತು. ತಿಳಿದೂ ಸುಳ್ಳಾಡಲಿಲ್ಲ. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಕೊಟ್ಟವರು ಹೋದ ಮೇಲೆ ಕೊಟ್ಟ ಹಣದ ಮೇಲೆ ಅವರ ಇಚ್ಛೆಯು ಎಷ್ಟು ಕಾಲ ನಿಲ್ಲಬೇಕು? ಬೆಂಗಳೂರಿನಲ್ಲಿರುವ ನನ್ನ ಮಗಳು ದೂರವಾಣಿಯಲ್ಲಿ, “ಅಮ್ಮ ಇದ್ದಿದ್ದರೆ ಒಪ್ಪುತ್ತಿದ್ದಳೇ ಅಪ್ಪಾ?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಒಪ್ಪುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ಆದರೆ ಮಗುವು ನಿಜ ಹೇಳಿದ್ದನ್ನು ಕೇಳಿದ್ದರೆ ಆಕೆಯೂ ಸುಮ್ಮನಾಗುತ್ತಿದ್ದಳೆಂದೂ ತೋರಿತು. ಬೆಳಗ್ಗೆ ಎದ್ದು, “ಆಗಲಿ. ಆದರೆ ಪಟ್ಟಿಯ ಪ್ರತಿಯೊಂದು ಬಾಬಿಗೂ ನನಗೆ ಕಾರಣ ಹೇಳಬೇಕು” ಎಂದೆನು.

ಈ ನಿಬಂಧನೆಗೆ ಹಿಂದಿನ ಕಥೆಯೊಂದುಂಟು. ನಮ್ಮ ತಾಲ್ಲೂಕು ಆಂಧ್ರದ ಗಡಿಯಲ್ಲಿದೆ. ಹಿಂದೂಪುರ ಕೂಗಳತೆ ಎನ್ನಬಹುದು. ಇಲ್ಲಿಯ ಹಳ್ಳಿಗಳಲ್ಲಿ ಕನ್ನಡವೂ ತೆಲುಗೂ ಒಂದೇ ನಾಲಗೆಯ ಮೇಲೆ ಆಡುತ್ತವೆ. ನಾನು ಒಂಬತ್ತು ವರ್ಷ ವಿದ್ಯಾರ್ಥಿಗಳಿಂದಲೂ ಅವರ ಅಜ್ಜಿಯರಿಂದಲೂ ಗಾದೆಗಳನ್ನು ಸಂಗ್ರಹಿಸಿ ಚೀಟಿಗಳಲ್ಲಿ ಬರೆದಿಟ್ಟಿದ್ದೆನು. ಸುಮಾರು 1,400 ಆಗಿದ್ದವು. 2009ರಲ್ಲಿ ಒಂದು ಗಣಕಯಂತ್ರವನ್ನು ಕೊಂಡು ಎಲ್ಲವನ್ನೂ ಅದರಲ್ಲಿ ಬೆರಳಚ್ಚು ಮಾಡಿದೆನು. ಕೊಳ್ಳುವಾಗ ಅಂಗಡಿಯವನು, “ಪವರ್ ಸಪ್ಲೈ ಒಳ್ಳೆಯದು ಬೇಕಾದರೆ ಎಂಟುನೂರು ಹೆಚ್ಚು, ಬೇಡವಾದರೆ ಇದೂ ನಡೆಯುತ್ತದೆ” ಎಂದಿದ್ದನು. ನಡೆಯುವುದನ್ನೇ ತಂದೆನು. ಬೆರಳಚ್ಚು ಮುಗಿದ ಮೇಲೆ ಚೀಟಿಗಳ ಕಟ್ಟನ್ನು ಏನು ಮಾಡಲೆಂದು ಮನೆಯಾಕೆ ಕೇಳಿದಾಗ, ಹಳೆಯ ಕಾಗದದವನಿಗೆ ಹಾಕೆಂದು ನಾನೇ ಹೇಳಿದೆನು. 2013ರ ಮಳೆಗಾಲದಲ್ಲಿ ಒಂದು ಸಂಜೆ ವಿದ್ಯುತ್ತು ಹೋಗಿ, ಬಂದು, ಮತ್ತೆ ಹೋಗಿ ಬಂದಿತು. ಯಂತ್ರದ ಹಿಂಭಾಗದಿಂದ ಹೊಗೆ ಎದ್ದಿತು. ಹಾರ್ಡ್ ಡಿಸ್ಕನ್ನು ಬೆಂಗಳೂರಿಗೆ ಕೊಂಡುಹೋಗಿ ತೋರಿಸಿದ್ದಕ್ಕೆ ಅದರಿಂದ ಏನನ್ನೂ ತೆಗೆಯಲಾಗದೆಂದರು. ಮನೆಯಾಕೆ ಬೈಯಲಿಲ್ಲ. “ಎಂಟುನೂರು ರೂಪಾಯಿ ಉಳಿಯಿತು” ಎಂದಷ್ಟೇ ಹೇಳಿದಳು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಆದುದರಿಂದ ಮೊಮ್ಮಗಳೂ ನಾನೂ ಜಗುಲಿಯ ಮೇಲೆ ಕಾಗದ ಹರಡಿಕೊಂಡು ಕುಳಿತೆವು. ಮೀಮಾಂಸಕರಲ್ಲಿ ಅಂಗಾಂಗಿಭಾವವೆಂಬ ವಿಚಾರವುಂಟು. ಪ್ರಧಾನವಾದ ಕರ್ಮವು ಅಂಗಿ; ಅದಕ್ಕೆ ಉಪಕಾರಕವಾದವು ಅಂಗಗಳು. ದರ್ಶಪೂರ್ಣಮಾಸಕ್ಕೆ ಪ್ರಯಾಜಗಳು ಅಂಗವಾಗುವಂತೆ, ಎಲ್ಲ ಕಾರ್ಯದಲ್ಲಿಯೂ ಮೊದಲು ಅಂಗಿಯಾವುದೆಂದು ನಿಶ್ಚಯಿಸಬೇಕು ಎಂದು ನಾನು ಆರಂಭಿಸಿದೆನು. ಅಂಗಿ ಎಂದೊಡನೆ ಅವಳು ನನ್ನ ಷರ್ಟಿನ ಗುಂಡಿಗಳನ್ನು ನೋಡಿದಳು. ಅರ್ಥವನ್ನು ಬಿಡಿಸಿ ಹೇಳಿದ ಮೇಲೆ, “ಹಾಗಾದರೆ ಅಂಗಿ ಗ್ರಾಫಿಕ್ಸ್ ಕಾರ್ಡು ತಾತ” ಎಂದು ತಡವಿಲ್ಲದೆ ಹೇಳಿದಳು.

ಕಾರಣವನ್ನೂ ಕೊಟ್ಟಳು. ತೆರೆಯ ಮೇಲಿನ ಚಿತ್ರವು ಬಿಂದುಗಳಿಂದಾದದ್ದು. ಸಾಮಾನ್ಯ ತೆರೆಯಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080; ಗುಣಿಸಿದರೆ 20,73,600 ಬಿಂದುಗಳು. ಅದಕ್ಕೆ ಮೇಲಿನ ದರ್ಜೆಯಲ್ಲಿ 36,86,400. ನಾಲ್ಕು ಕೆ ಎಂಬ ತೆರೆಯಲ್ಲಿ 82,94,400. ಆಟದ ಚಿತ್ರವು ಒಂದು ಸೆಕೆಂಡಿಗೆ 60 ಸಲವಾದರೂ ಹೊಸದಾಗಿ ರಚಿತವಾಗಬೇಕು. ಈ ಬಿಂದುಗಳಿಗೆಲ್ಲ ಬಣ್ಣ ಬಳಿಯುವ ಕೆಲಸವು ಗ್ರಾಫಿಕ್ಸ್ ಕಾರ್ಡಿನದು. ಆದುದರಿಂದ ಮೊದಲು ತೆರೆಯನ್ನು ನಿಶ್ಚಯಿಸಬೇಕು, ತೆರೆಗೆ ತಕ್ಕಂತೆ ಕಾರ್ಡನ್ನು, ಕಾರ್ಡಿಗೆ ತಕ್ಕಂತೆ ಉಳಿದವನ್ನು. ನಾಲ್ಕು ಕೆ ತೆರೆಯನ್ನು ಆಸೆಪಟ್ಟರೆ ಕೆಲಸ ನಾಲ್ಮಡಿ. ಕಾರ್ಡಿನ ಬೆಲೆಯೊಂದೇ ನಮ್ಮ ಹಣವನ್ನೆಲ್ಲ ನುಂಗುವುದು. ನಾವು ಮೊದಲನೆಯ ತೆರೆಗೇ ತೃಪ್ತರಾದೆವು. ಅದಕ್ಕೆ 2023ರ ಜೂನ್ ತಿಂಗಳಲ್ಲಿ ಹೊರಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಸಾಕೆಂದಳು. 8 ಜಿಬಿ ಮೆಮೊರಿ, ವಿದ್ಯುತ್ತಿನ ಖರ್ಚು 115 ವ್ಯಾಟು ಮಾತ್ರ.

ಎರಡನೆಯದು ಪ್ರೊಸೆಸರು. ಪಂಗ್ವಂಧನ್ಯಾಯವನ್ನು ವಾಚಕರು ಬಲ್ಲರು. ಕುಂಟನು ಕುರುಡನ ಹೆಗಲೇರಿ ದಾರಿ ತೋರಿದನು, ಇಬ್ಬರೂ ಊರು ಸೇರಿದರು. ಇಲ್ಲಿಯೂ ಹಾಗೆಯೇ. ಪ್ರೊಸೆಸರು ಆಟದ ಲೆಕ್ಕವನ್ನು ಮಾಡಿ ಹೇಳಿದುದನ್ನು ಕಾರ್ಡು ಚಿತ್ರಿಸುತ್ತದೆ. ಒಂದು ಬಲವಾಗಿ ಇನ್ನೊಂದು ದುರ್ಬಲವಾದರೆ ಬಲವಾದದ್ದು ಸುಮ್ಮನೆ ಕಾಯುತ್ತ ಕೂರುತ್ತದೆ; ಅದಕ್ಕೆ ತೆತ್ತ ಹಣವು ವ್ಯರ್ಥ. ಎಎಂಡಿಯವರ ರೈಜೆನ್ 5 5600 ಎಂಬುದನ್ನು ಆರಿಸಿದೆವು. 2022ರಲ್ಲಿ ಬಂದದ್ದು, ಆರು ಕೋರುಗಳುಳ್ಳದ್ದು. ತಂಪು ಮಾಡುವ ಫ್ಯಾನು ಜೊತೆಯಲ್ಲಿಯೇ ಬರುತ್ತದೆ. ಅದೇ ವರ್ಷ ಹೊಸ ಬಗೆಯ ಸಾಕೆಟ್ಟು ಬಂದಿದ್ದಿತು. ಅದನ್ನು ಹಿಡಿದರೆ ಮುಂದೆ ಹೊಸ ಪ್ರೊಸೆಸರುಗಳನ್ನು ಹಾಕಿಕೊಳ್ಳಬಹುದು. ಆದರೆ ಆಗ ಬೋರ್ಡೂ ಮೆಮೊರಿಯೂ ದುಬಾರಿಯಾಗಿ ಅಂಗಿಗೇ ಹಣ ಸಾಲದು. ನಾಳೆಯ ಔತಣಕ್ಕಾಗಿ ಇಂದು ಉಪವಾಸವಿರುವುದು ಬೇಡವೆಂದು ಅವಳೇ ತೀರ್ಮಾನಿಸಿದಳು.

ಬೋರ್ಡಿನ ವಿಷಯದಲ್ಲಿ ನಾನು ಸೋತೆನು. ಬಿ450 ಎಂಬ ಹಳೆಯ ಬೋರ್ಡು ಎರಡೂವರೆ ಸಾವಿರ ಕಡಮೆಗೆ ದೊರೆಯುತ್ತಿತ್ತು. ಅದೇ ಸಾಲದೇ ಎಂದೆನು. ಆ ಕಾರ್ಡು ಎಂಟೇ ಸಾಲುಗಳಲ್ಲಿ ಬೋರ್ಡಿನೊಡನೆ ಮಾತಾಡುತ್ತದೆಂದೂ, ಹಳೆಯ ಬೋರ್ಡಿನಲ್ಲಿ ಪ್ರತಿ ಸಾಲಿನ ವೇಗವೂ ಅರ್ಧವೆಂದೂ, ಕಾರ್ಡಿನ ಸ್ವಂತ ಮೆಮೊರಿ ತುಂಬಿದಾಗ ಆ ಇಕ್ಕಟ್ಟು ಕಾಣುವುದೆಂದೂ ಅವಳು ವಿವರಿಸಿದಳು. ಬಿ550 ನಿಶ್ಚಯವಾಯಿತು. ಮೆಮೊರಿಯಲ್ಲಿ 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿಗಳು ಮೇಲು. ಒಂಟಿ ಎತ್ತಿಗಿಂತ ಜೋಡಿ ಎತ್ತು ಮೇಲೆಂಬುದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಇನ್ನು ಪವರ್ ಸಪ್ಲೈ. ಅವಳ ಪಟ್ಟಿಯಲ್ಲಿ ಅದಕ್ಕೆ 2,200 ರೂಪಾಯಿ ಮಾತ್ರ ಬರೆದಿತ್ತು. ಪಕ್ಕದಲ್ಲಿ ಬಣ್ಣಬಣ್ಣದ ದೀಪಗಳುಳ್ಳ ಕ್ಯಾಬಿನೆಟ್ಟಿಗೆ 7,600. ನಾನು ಏನೂ ಹೇಳದೆ ಒಳಗೆ ಹೋಗಿ, 2013ರಿಂದ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದ ಸುಟ್ಟ ಹಾರ್ಡ್ ಡಿಸ್ಕನ್ನು ತಂದು ಕಾಗದದ ಮೇಲಿಟ್ಟೆನು. ಅವಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಕಥೆಯನ್ನು ಅವಳು ಅಜ್ಜಿಯ ಬಾಯಿಂದ ಕೇಳಿದ್ದಳು. ಮಾತಿಲ್ಲದೆ ಎರಡು ಅಂಕಿಗಳನ್ನೂ ಹೊಡೆದುಹಾಕಿದಳು. ಆಡಿನ ಕೊರಳಿನಲ್ಲಿ ತೂಗುವ ಮೊಲೆಯಂತೆ ಹಾಲು ಕೊಡದ ಆ ದೀಪಗಳು ಹೋದವು. ಎಲ್ಲಕ್ಕೂ ಅನ್ನವಿಕ್ಕುವ ಭಾಗಕ್ಕೆ ಹಣವು ಬಂದಿತು. 80 ಪ್ಲಸ್ ಎಂಬ ಮುದ್ರೆಯನ್ನು ನೋಡಿ ಕೊಳ್ಳೋಣವೆಂದೆನು. ಆ ಮುದ್ರೆಯು, ಹೊರೆ ಐದರಲ್ಲೊಂದು ಪಾಲಿರಲಿ, ಅರ್ಧವಿರಲಿ, ಪೂರ್ಣವಿರಲಿ, ನೂರರಲ್ಲಿ 80 ಭಾಗ ವಿದ್ಯುತ್ತಾದರೂ ಕೆಲಸಕ್ಕೆ ಬರುವುದೆಂಬುದಕ್ಕೆ ಮಾತ್ರ ಸಾಕ್ಷಿ, ಕ್ಷೇಮಕ್ಕೆ ಸಾಕ್ಷಿಯಲ್ಲವೆಂದು ಅವಳು ತಿದ್ದಿದಳು. ವೋಲ್ಟೇಜು ಮೀರಿದಾಗ ತಾನೇ ನಿಲ್ಲುವ ರಕ್ಷಣೆಯುಂಟೋ, ಐದು ವರ್ಷದ ವಾರಂಟಿಯುಂಟೋ ಎಂದು ಬೇರೆಯಾಗಿ ನೋಡಬೇಕಂತೆ. ನೋಡಿದೆವು.

ಒಂದು ಬೆಳಗ್ಗೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯನ್ನು ಹೊಕ್ಕೆವು. ಇಕ್ಕಟ್ಟಾದ ರಸ್ತೆ, ಎರಡು ಕಡೆಯೂ ಸಾಲಂಗಡಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ರೇಷ್ಮೆಗೂಡನ್ನು ಹಿಡಿಯಲ್ಲಿ ಎತ್ತಿ ನೋಡುವಂತೆ ಇವಳು ಒಂದೊಂದು ಪೆಟ್ಟಿಗೆಯನ್ನೂ ತಿರುಗಿಸಿ, ಮೊಹರನ್ನೂ ಸಂಖ್ಯೆಯನ್ನೂ ನೋಡಿ, ತೆರಿಗೆ ಸೇರಿದ ಬೆಲೆಯನ್ನು ಮೂರು ಅಂಗಡಿಗಳಲ್ಲಿ ಕೇಳಿ ಬರೆದುಕೊಂಡಳು. ಕೊನೆಗೆ ಲೆಕ್ಕ ಹೀಗಾಯಿತು: ಕಾರ್ಡು 28,900, ಪ್ರೊಸೆಸರು 11,400, ಬೋರ್ಡು 9,800, ತೆರೆ 9,700, ಪವರ್ ಸಪ್ಲೈ 5,700, ಒಂದು ಟಿಬಿಯ ಎಸ್‌ಎಸ್‌ಡಿ 5,600, ಕ್ಯಾಬಿನೆಟ್ಟು 4,100, ಮೆಮೊರಿ 3,500. ಒಟ್ಟು 78,700. ಕೀಲಿಮಣೆಯೂ ಮೌಸೂ ಹಳೆಯವೇ. ಉಳಿದ 2,500 ರೂಪಾಯಿಗೆ ನಾನು ಊರಿನಲ್ಲಿ ತೆಳ್ಳನೆಯ ಎರಡು ಬೆಳ್ಳಿಯ ಬಳೆಗಳನ್ನು ತಂದೆನು. ಅವಳು ಎರಡನ್ನೂ ಎಡಗೈಗೇ ಹಾಕಿಕೊಂಡಳು. ಬಲಗೈಗೆ ಹಾಕಿದರೆ ಮೌಸು ಹಿಡಿಯುವಾಗ ತಗಲುತ್ತದಂತೆ.

ಜೋಡಿಸುವ ದಿನ ಅವಳ ಪಕ್ಕದಲ್ಲಿ ತಿರುಪುಗಳ ಬಟ್ಟಲನ್ನು ಹಿಡಿದು ಕುಳಿತಿದ್ದೆನು. ಕೆಲಸ ಮುಗಿಯುವ ಹೊತ್ತಿಗೆ ರಾತ್ರಿ ಒಂಬತ್ತಾಗಿತ್ತು. ಗುಂಡಿಯನ್ನು ಒತ್ತಿದಳು, ಫ್ಯಾನುಗಳು ತಿರುಗಿದವು, ತೆರೆ ಮಾತ್ರ ಕಪ್ಪು. ಮೆಮೊರಿಯನ್ನು ತೆಗೆದು ಹಾಕಿದಳು, ಕಾರ್ಡನ್ನು ತೆಗೆದು ಹಾಕಿದಳು, ಮತ್ತೂ ಕಪ್ಪು. ಅವಳ ಮುಖ ನೋಡಲಾಗಲಿಲ್ಲ. ಅಜ್ಜಿಯ ಹಣವೆಂಬ ಮಾತನ್ನು ಇಬ್ಬರೂ ಆಡಲಿಲ್ಲ. ಇಬ್ಬರ ಮನಸ್ಸಿನಲ್ಲಿಯೂ ಅದೇ ಇದ್ದಿತು. ಮಾಡಲು ಬೇರೇನೂ ತಿಳಿಯದೆ ನಾನು ಯಂತ್ರದ ಹಿಂಭಾಗವನ್ನು ನೋಡುತ್ತಿದ್ದವನು, “ಅಮ್ಮಾ, ತೆರೆಯ ತಂತಿಯನ್ನು ಮೇಲಿನ ತೂತಿಗೆ ಹಾಕಿದ್ದೀಯೆ. ಕೆಳಗೆ ಕಾರ್ಡಿನಲ್ಲಿಯೂ ಅದೇ ಆಕಾರದ್ದು ಇದೆಯಲ್ಲ?” ಎಂದೆನು. ಅವಳು ಹಣೆ ಬಡಿದುಕೊಂಡಳು. ನಾವು ತಂದ ಪ್ರೊಸೆಸರಿಗೆ ಸ್ವಂತ ಚಿತ್ರಶಕ್ತಿಯಿಲ್ಲ. ಬೋರ್ಡಿನ ತೂತಿನಿಂದ ಅದು ಏನನ್ನೂ ತೋರಿಸಲಾರದು. ತಂತಿಯನ್ನು ಬದಲಿಸಿದೊಡನೆ ತೆರೆ ಬೆಳಗಿತು. ಆಮೇಲೂ ಎರಡು ಕೆಲಸ ಉಳಿದಿತ್ತು. ಮೆಮೊರಿಯು ತಾನಾಗಿ ಕಡಮೆ ವೇಗದಲ್ಲಿಯೇ ಓಡುತ್ತದೆ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲ ತೆರೆಯು 60ರಲ್ಲಿಯೇ ನಿಂತಿರುತ್ತದೆ. ಎರಡನ್ನೂ ಹೋಗಿ ಹೇಳಿ ಎಬ್ಬಿಸಬೇಕು. ಹೇಳದಿದ್ದರೆ ಶಕ್ತಿಯಿದ್ದೂ ಕೂತಿರುವ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ.

ನಮ್ಮ ಊರಿನ ಬಳಿ ರಾಮನ್ ಸಂಶೋಧನಾ ಸಂಸ್ಥೆಯವರೂ ಭಾರತೀಯ ಖಭೌತ ಸಂಸ್ಥೆಯವರೂ 1976ರಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವುಂಟು. ಅದರಲ್ಲಿ ಹೊಳೆಯುವ ಬಟ್ಟಲಿಲ್ಲ. ಕಂಬಗಳ ಮೇಲೆ ಟಿ ಅಕ್ಷರದ ಆಕಾರದಲ್ಲಿ ಹರಡಿದ 1,000 ತಂತಿಯ ಡೈಪೋಲುಗಳು. ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ, “ಇಷ್ಟೇನಾ ಮೇಷ್ಟ್ರೇ?” ಎನ್ನುತ್ತಿದ್ದರು. ಒಂದೊಂದು ತಂತಿಯೂ ಇಷ್ಟೇ. ಸರಿಯಾಗಿ ಕೂಡಿದಾಗ ಆಕಾಶದ ಧ್ವನಿಯನ್ನು ಕೇಳುತ್ತವೆ. ಆ ರಾತ್ರಿ ನನಗೆ ಅದು ನೆನಪಾಯಿತು.

2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಯ ದೊಡ್ಡ ಗಣಕಾಗಾರಗಳಿಗೆ ಮೆಮೊರಿಯೆಲ್ಲ ಹರಿದುಹೋಗಿ ಅದರ ಬೆಲೆಯು ವಿಪರೀತವಾಗಿ ಏರಿತು. ಆದುದರಿಂದ ಮೇಲಿನ ಲೆಕ್ಕವನ್ನು ಹಿಡಿದು ಯಾರೂ ಅಂಗಡಿಗೆ ಹೋಗಬಾರದು. ಬೆಲೆಗಳು ಬದಲಾಗುತ್ತವೆ. ಅಂಗಿಯಾವುದು, ಅಂಗವಾವುದು, ಆಡಿನ ಕೊರಳಿನದು ಯಾವುದು ಎಂಬ ವಿಚಾರವನ್ನು ಮಾತ್ರ ಪ್ರತಿ ಸಲವೂ ಮಾಡಬೇಕು.

ಮೊಮ್ಮಗಳು ಈಗ ಬೆಂಗಳೂರಿನ ವಿದ್ಯಾರ್ಥಿನಿಲಯದಲ್ಲಿದ್ದಾಳೆ. ಅಲ್ಲಿ ಯಂತ್ರಕ್ಕೆ ಸ್ಥಳವಿಲ್ಲ. ಅದು ನಮ್ಮ ನಡುಮನೆಯಲ್ಲಿಯೇ ಇದೆ. ವಾರದ ದಿನಗಳಲ್ಲಿ ನಾನು ಅದರ ಮುಂದೆ ಕುಳಿತು ನೆನಪಿಗೆ ಬಂದ ಗಾದೆಗಳನ್ನು ಬೆರಳಚ್ಚು ಮಾಡುತ್ತೇನೆ. ಇದುವರೆಗೆ 212 ಆಗಿವೆ. 1,400 ಆಗುವುದೆಂಬ ಭ್ರಮೆ ನನಗಿಲ್ಲ. ಅವನ್ನು ಎರಡು ಬೇರೆ ಕಡೆಗಳಲ್ಲಿ ನಕಲು ಮಾಡಿಡುವ ಏರ್ಪಾಡನ್ನು ಅವಳು ಮಾಡಿಕೊಟ್ಟಿದ್ದಾಳೆ. ಶನಿವಾರ ಸಂಜೆಯ ರೈಲಿನಲ್ಲಿ ಅವಳು ಬರುತ್ತಾಳೆ. ಕೈಕಾಲು ತೊಳೆದವಳೇ ನನ್ನನ್ನು ಕುರ್ಚಿಯಿಂದ ಎಬ್ಬಿಸುತ್ತಾಳೆ. ವಾರವಾರವೂ ಬರುವುದು ತಾತನಿಗಾಗಿಯೋ ಯಂತ್ರಕ್ಕಾಗಿಯೋ ಎಂದು ನಾನು ವಿಚಾರಿಸಲು ಹೋಗಿಲ್ಲ.